ಊರಿಗೊಂದು ಕಲ್ಲು ಬೆಂಚು: ಸಾರ್ವಜನಿಕ ಜಾಗದ ಕೈಕೆಲಸ ನಡೆಯುವ ಬಗೆ

ನಮ್ಮ ಪಾರ್ಕು, ಬಸ್ ನಿಲ್ದಾಣ, ಸರ್ಕಾರಿ ಆಸ್ಪತ್ರೆಯ ಆವರಣಗಳಲ್ಲೆಲ್ಲ ಅಚ್ಚಿಗೆ ಹೊಯ್ದ ಸಿಮೆಂಟ್ ಬೆಂಚುಗಳಿರುತ್ತವೆ. ಬೆನ್ನು ಒರಗುವ ಕಡೆ ದಾನಿಗಳ ಹೆಸರೋ, ತೀರಿಕೊಂಡ ಹಿರಿಯರ ಜ್ಞಾಪಕಾರ್ಥವಾಗಿ ಎಂಬ ಸಾಲೋ ಇರುತ್ತದೆ. ಕೆಲವು ಮಳೆಗಾಲ ಕಳೆಯುವಷ್ಟರಲ್ಲಿ ಅಂಚು ಒಡೆದು, ಒಳಗಿನ ಕಂಬಿ ಕೆಂಪಗೆ ತುಕ್ಕು ಹಿಡಿದು ಹೊರಗೆ ಇಣುಕುತ್ತದೆ. ಅದೇ ಸೀಮೆಯ ಹಳೆಯ ದಾರಿಯಲ್ಲಿ ಹೊರೆಗಲ್ಲು ಕಂಡಿದ್ದರೆ ನೆನಪಿಸಿಕೊಳ್ಳಿ. ಎರಡು ಕಲ್ಲುಕಂಬ, ಅವುಗಳ ಮೇಲೆ ತಲೆಯೆತ್ತರಕ್ಕೆ ಅಡ್ಡ ಹೇರಿದ ಒಂದು ಚಪ್ಪಡಿ. ತಲೆಹೊರೆ ಹೊತ್ತು ಒಬ್ಬರೇ ನಡೆದು ಬರುವವರು ಇನ್ನೊಬ್ಬರ ನೆರವಿಲ್ಲದೆ ಹೊರೆ ಇಳಿಸಿ, ದಣಿವಾರಿಸಿಕೊಂಡು, ಮತ್ತೆ ತಾವೇ ತಲೆಗೇರಿಸಿಕೊಳ್ಳಲಿ ಎಂದು ಊರವರು ನಿಲ್ಲಿಸಿದ್ದು. ಗಾಡಿ, ಲಾರಿ ಬಂದು ಹೊರೆಯೇ ಇಲ್ಲವಾದರೂ ಕಲ್ಲು ಮಾತ್ರ ನಿಂತ ಜಾಗದಲ್ಲೇ ಇದೆ.

ಹೊರೆಗಲ್ಲಿಗೂ ಕಲ್ಲು ಬೆಂಚಿಗೂ ಕಟ್ಟೋಣದಲ್ಲಿ ವ್ಯತ್ಯಾಸವೇ ಇಲ್ಲ. ಎತ್ತರ ತಗ್ಗಿಸಿದರೆ ಅದು ಬೆಂಚು. ಹೀಗಿದ್ದೂ ಒಂದು ಒಳ್ಳೆಯ ಬೆಂಚು ಅಥವಾ ಶಿಲ್ಪವನ್ನು ಊರಿಗೆ ಮಾಡಿಸಿಕೊಡಲು ಹೊರಟ ಸಂಘಗಳು, ಶಾಲೆಗಳು, ಬಡಾವಣೆಯವರು ಎಡವುವುದು ಉಳಿ ಸುತ್ತಿಗೆಯ ಕೆಲಸದಲ್ಲಿ ಅಲ್ಲವೇ ಅಲ್ಲ. ಅದಕ್ಕೂ ಮುಂಚಿನ ತೀರ್ಮಾನಗಳಲ್ಲಿ. ಯಾರು ಕೂರುತ್ತಾರೆ, ನೀರು ಎಲ್ಲಿ ಹರಿಯುತ್ತದೆ, ಮಗು ಎಲ್ಲಿ ಕೈಯಿಡುತ್ತದೆ ಎಂಬುದನ್ನು ಮೊದಲೇ ನಿರ್ಧರಿಸಿದರೆ ಕಲ್ಲಿನ ಕೆಲಸ ಅರ್ಧ ಮುಗಿದಂತೆ.

ಜಾಗ

ಕನ್ನಡನಾಡಿನಲ್ಲಿ ಊರು ಕೂರುವ ಜಾಗ ಎಂದರೆ ಅರಳಿಕಟ್ಟೆ. ಅದರ ಬಗ್ಗೆ ಅಕ್ಕರೆಯಿಂದ ಬರೆಯುವವರು ಒಂದು ಮಾತು ಬಿಡಬಾರದು. ಕಟ್ಟೆಯ ಮೇಲೆ ಎಲ್ಲರೂ ಕೂರುವಂತಿರಲಿಲ್ಲ. ದಲಿತ ಕೇರಿಯವರು ಕೆಳಗೆ ನಿಲ್ಲಬೇಕಿತ್ತು. ಹೆಂಗಸರು ಪ್ರದಕ್ಷಿಣೆಗೆ, ನಾಗರಕಲ್ಲಿನ ಪೂಜೆಗೆ ಬರುತ್ತಿದ್ದರೇ ಹೊರತು ಹರಟೆಗೆ ಕೂರುತ್ತಿರಲಿಲ್ಲ. ಹಲವು ಊರುಗಳಲ್ಲಿ ಇವತ್ತಿಗೂ ಪೂರ್ತಿ ಬದಲಾಗಿಲ್ಲ. ಆದ್ದರಿಂದ ಹೊಸ ಬೆಂಚನ್ನು ಹಳೆಯ ಕಟ್ಟೆಯ ಪಕ್ಕದಲ್ಲೇ ಇಟ್ಟರೆ ಹಳೆಯ ಕಟ್ಟಳೆ ಅದರ ಮೇಲೂ ಕೂರುತ್ತದೆ. ಪಡಿತರ ಅಂಗಡಿ, ಅಂಗನವಾಡಿ, ಹಾಲಿನ ಡೇರಿ, ಪ್ರಾಥಮಿಕ ಆರೋಗ್ಯ ಕೇಂದ್ರ, ಬಸ್ಸು ನಿಲ್ಲುವ ತಿರುವು ಇವೆಲ್ಲ ಎಲ್ಲರೂ ಕಾಯಲೇಬೇಕಾದ ಜಾಗಗಳು. ಅಲ್ಲಿ ನಿಂತು ಕಾಯುವವರಲ್ಲಿ ಹೆಂಗಸರೇ ಹೆಚ್ಚು. ನನ್ನನ್ನು ಕೇಳಿದರೆ ಊರಿನ ಮೊದಲ ಬೆಂಚು ಅಲ್ಲಿಗೇ ಸಲ್ಲಬೇಕು.

ಜಾಗ ಗೊತ್ತಾದ ಮೇಲೆ ಅಲ್ಲಿ ಬೆಳಗ್ಗೆ, ಮಧ್ಯಾಹ್ನ, ಸಂಜೆ ಹೋಗಿ ನಿಂತು ನೋಡಬೇಕು. ನಮ್ಮಲ್ಲಿ ಕಾಡುವುದು ಮಧ್ಯಾಹ್ನದ ನಂತರ ಪಡುವಣದಿಂದ ಓರೆಯಾಗಿ ಬೀಳುವ ಬಿಸಿಲು. ಮೂರು ಗಂಟೆಗೆ ನೆರಳು ಎಲ್ಲಿ ಬೀಳುತ್ತದೋ ಅಲ್ಲಿ ಬೆಂಚಿರಬೇಕು. ಜನ ಈಗಾಗಲೇ ಯಾವ ಮೆಟ್ಟಿಲ ಮೇಲೆ, ಯಾವ ಮೋರಿಕಟ್ಟೆಯ ಮೇಲೆ ಕೂತಿದ್ದಾರೆ ಎಂಬುದೂ ತಿಳಿಯುತ್ತದೆ. ಎರಡು ಬೆಂಚು ಹಾಕುವುದಾದರೆ ಒಂದೇ ಸಾಲಿನಲ್ಲಿ ಇಡುವುದಕ್ಕಿಂತ ಮೂಲೆಮಟ್ಟಕ್ಕೆ, ಒಂದಕ್ಕೊಂದು ಅಡ್ಡವಾಗಿ ಇಟ್ಟರೆ ಮಾತು ಸಲೀಸು. ಪಕ್ಕದಲ್ಲಿ ಸುಮಾರು 3 ಅಡಿ ಅಗಲ, 4 ಅಡಿ ಉದ್ದದ ಸಮತಟ್ಟು ನೆಲ ಖಾಲಿ ಬಿಟ್ಟರೆ ಗಾಲಿಕುರ್ಚಿಯಲ್ಲಿ ಬಂದವರೂ ಸಾಲಿನಲ್ಲೇ ಕೂರುತ್ತಾರೆ. ದಾರಿಗೆ ಅಡ್ಡ ಎಂದು ಯಾರೂ ಹೇಳುವಂತಿಲ್ಲ.

ಮರದ ಬುಡಕ್ಕೆ ಕಟ್ಟೆ ಕಟ್ಟುವವರು ಇನ್ನೊಂದು ತಪ್ಪು ಮಾಡುತ್ತಾರೆ. ಕಾಂಡಕ್ಕೆ ತಾಗಿಸಿ ಗೋಡೆ ಎಬ್ಬಿಸಿ, ಒಳಗೆ ಮಣ್ಣು ತುಂಬಿ, ಮೇಲೆ ಸಿಮೆಂಟ್ ಬಳಿದುಬಿಡುತ್ತಾರೆ. ಮರದ ಬುಡ ನೆಲ ಸೇರುವಲ್ಲಿ ಅಗಲವಾಗುತ್ತದಲ್ಲ, ಆ ಭಾಗಕ್ಕೆ ಗಾಳಿ ಬೇಕು. ಮಣ್ಣಿನಲ್ಲಿ ಹೂತರೆ ತೊಗಟೆ ಕೊಳೆಯುತ್ತದೆ. ಸಿಮೆಂಟ್ ಹಾಸಿದರೆ ಬೇರಿಗೆ ನೀರೂ ಇಲ್ಲ, ಉಸಿರೂ ಇಲ್ಲ. ದೆಹಲಿಯಲ್ಲಿ ಮರಗಳ ಸುತ್ತ 1 ಮೀಟರ್‌ವರೆಗಿನ ಕಾಂಕ್ರೀಟ್ ಕಿತ್ತುಹಾಕುವಂತೆ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2013ರಲ್ಲಿ ಆದೇಶಿಸಿತ್ತು. ನಮ್ಮ ಕಟ್ಟೆಗಳಿಗೂ ಅದೇ ಅಳತೆ ಒಪ್ಪುತ್ತದೆ. ಕಾಂಡದಿಂದ ಕನಿಷ್ಠ 3 ಅಡಿ ದೂರ, ನೆಲದ ಮಟ್ಟ ಏರಿಸದೆ, ಸುತ್ತ ಬಿಡಿಬಿಡಿ ಕಲ್ಲು ಬೆಂಚು. ಅರಳಿ, ಆಲದ ಬೇರುಗಳ ಬಲಕ್ಕೆ ಅಖಂಡ ಗೋಡೆ ಇವತ್ತಲ್ಲ ನಾಳೆ ಸೀಳುತ್ತದೆ. ಬಿಡಿ ಬೆಂಚಾದರೆ ತುಸು ಎತ್ತಿ ಸರಿಸಿಟ್ಟರಾಯಿತು.

ಕಲ್ಲು

ದೂರದಿಂದ ಕಲ್ಲು ತರಿಸುವ ಗೋಜು ಕರ್ನಾಟಕದವರಿಗೆ ಇಲ್ಲ. ದಕ್ಷಿಣದ ಜಿಲ್ಲೆಗಳು ನಿಂತಿರುವುದೇ ಭೂಮಿಯ ಅತಿ ಹಳೆಯ ಬಂಡೆಗಳಲ್ಲೊಂದರ ಮೇಲೆ. ಬೆಂಗಳೂರಿನ ಲಾಲ್‌ಬಾಗ್ ಬಂಡೆಗೆ ಸುಮಾರು 300 ಕೋಟಿ ವರ್ಷ. ದೇವನಹಳ್ಳಿ ಕಡೆಯ ಸಾದಹಳ್ಳಿ ಕಲ್ಲು ಬೂದುಬಣ್ಣದ್ದು, ಬೆಂಗಳೂರಿನ ಎಷ್ಟೋ ಮನೆ, ಕಾಂಪೌಂಡು, ಮೆಟ್ಟಿಲುಗಳು ಅದರವು. ಇಳಕಲ್ ಕಡೆ ಕೆಂಪು ಗ್ರಾನೈಟು. ಕಲಬುರಗಿ ಸೀಮೆಯಲ್ಲಿ ಶಹಾಬಾದ್ ಕಲ್ಲು, ಅದು ಸುಣ್ಣಕಲ್ಲಿನ ಜಾತಿ, ಪದರಪದರವಾಗಿ ಏಳುತ್ತದೆ. ಕರಾವಳಿಯಲ್ಲಿ ಕೆಂಪು ಮುರಕಲ್ಲು. ಅಗೆದಾಗ ಕೊಡಲಿಯಲ್ಲಿ ಕಡಿಯುವಷ್ಟು ಮೆದುವಾಗಿದ್ದು, ಗಾಳಿಗೆ ಬಿದ್ದಂತೆ ಗಟ್ಟಿಯಾಗುತ್ತದೆ. ಮುರಕಲ್ಲನ್ನು ಕಂಬದ ಹಾಗೆ ಪೇರಿಸಬಹುದು, ಆದರೆ ಅಡ್ಡ ಹೇರುವ ಚಪ್ಪಡಿಗೆ ಅದು ಆಗದು. ಅಲ್ಲಿ ಕೂರುವ ಹಾಸು ಗ್ರಾನೈಟಿನದೇ ಆಗಬೇಕು.

ಬೆಂಗಳೂರಿನ ಸುತ್ತಮುತ್ತ ಚಪ್ಪಡಿ ಅಷ್ಟು ಧಾರಾಳವಾಗಿ ಸಿಗುತ್ತಿದ್ದುದಕ್ಕೆ ಕಾರಣ ಬೆಂಕಿ. ಬಂಡೆಯ ಮೇಲೆ ಕಟ್ಟಿಗೆಯ ಸಣ್ಣ ಉರಿಯನ್ನು ನಿಧಾನವಾಗಿ ಮುಂದಕ್ಕೆ ಸರಿಸುತ್ತಾ ಹೋದರೆ, ಕಾದ ಮೇಲ್ಪದರ ಹಿಗ್ಗಿ ಕೆಳಗಿನ ತಣ್ಣನೆಯ ಕಲ್ಲಿನಿಂದ ಬಿಟ್ಟುಕೊಳ್ಳುತ್ತದೆ. ಎಲ್ಲಿಯವರೆಗೆ ಬಿಟ್ಟಿದೆ ಎಂಬುದು ಸುತ್ತಿಗೆಯ ಸದ್ದಿನಲ್ಲಿ ತಿಳಿಯುತ್ತದೆ. ಬಿಟ್ಟಲ್ಲಿ ಟೊಳ್ಳು ಸದ್ದು, ಬಿಡದಲ್ಲಿ ಗಟ್ಟಿ ಸದ್ದು. ಇಡೀ ಪದರವನ್ನು ಹೀಗೆ ಎಬ್ಬಿಸಿಕೊಂಡು ಆಮೇಲೆ ಬೇಕಾದ ಅಳತೆಗೆ ಸೀಳುತ್ತಿದ್ದರು. ಇಂದು ದೊಡ್ಡ ಕ್ವಾರಿಗಳಲ್ಲಿ ವಜ್ರದ ಹರಳು ಕೂರಿಸಿದ ತಂತಿಯ ಗರಗಸ ಬಂದಿದೆ. ಆದರೆ ಬೆಂಚಿನ ಅಳತೆಗೆ ಸೀಳುವ ಕೆಲಸ ಇನ್ನೂ ಎಷ್ಟೋ ಕಡೆ ಬೆಣೆ, ಸುತ್ತಿಗೆಯಲ್ಲೇ ನಡೆಯುತ್ತದೆ.

ಅದನ್ನು ಹತ್ತಿರ ನಿಂತು ನೋಡಬೇಕು. ಕಲ್ಲುಕುಟಿಗರು ಮೊದಲು ಬಂಡೆಯನ್ನು ತಟ್ಟಿ ಕೇಳುತ್ತಾರೆ. ಗಂಟೆಯಂತೆ ನಾದ ಬಂದರೆ ಒಳಗೆ ಬಿರುಕಿಲ್ಲ. ಮಂಕು ಸದ್ದು ಬಂದರೆ ಎಲ್ಲೋ ಸೀಳಿದೆ. ಆಮೇಲೆ ಎಳೆ ನೋಡುತ್ತಾರೆ. ಗ್ರಾನೈಟು ಎಲ್ಲ ದಿಕ್ಕಿಗೂ ಒಂದೇ ಸಮ ಒಡೆಯುವುದಿಲ್ಲ, ಒಂದು ದಿಕ್ಕಿನಲ್ಲಿ ಸುಲಭ, ಅದಕ್ಕೆ ಅಡ್ಡವಾಗಿ ಕಷ್ಟ. ಕಾವಿಯಲ್ಲಿ ಅದ್ದಿದ ದಾರ ಎಳೆದು ಚಿಮ್ಮಿಸಿದರೆ ಕೆಂಪು ಗೆರೆ ಬೀಳುತ್ತದೆ. ಗೆರೆಯುದ್ದಕ್ಕೂ ಸಣ್ಣ ಗುಳಿ ತೋಡಿ, ಒಂದೊಂದರಲ್ಲೂ ಕಬ್ಬಿಣದ ಬೆಣೆ ನಿಲ್ಲಿಸುತ್ತಾರೆ. ಈಗ ಒಂದು ಕೊನೆಯಿಂದ ಇನ್ನೊಂದು ಕೊನೆಗೆ ಒಂದೊಂದು ಬೆಣೆಗೂ ಒಂದೊಂದೇ ಹೊಡೆತ, ಮತ್ತೆ ಮೊದಲಿನಿಂದ. ಯಾವ ಬೆಣೆಗೂ ಹೆಚ್ಚಿಲ್ಲ, ಕಮ್ಮಿಯಿಲ್ಲ. ಬೆಣೆ ಬಿಗಿಯಾದಂತೆ ಸದ್ದಿನ ಸ್ಥಾಯಿ ಏರುತ್ತದೆ, ಠಣ್ ಎನ್ನುವುದು ಟಿಣ್ ಆಗುತ್ತದೆ. ಹಾಗಾದಾಗ ಹೊಡೆಯುವುದನ್ನು ನಿಲ್ಲಿಸಿ ಸುಮ್ಮನೆ ಕಾಯುತ್ತಾರೆ. ಕಲ್ಲಿನೊಳಗಿನ ಸೀಳು ತನ್ನ ಪಾಡಿಗೆ ಮುಂದುವರಿಯಲು ಹೊತ್ತು ಕೊಡಬೇಕು. ಅವಸರಪಟ್ಟು ಹೊಡೆದರೆ ಗೆರೆ ಬಿಟ್ಟು ಓರೆಗೆ ಹೋಗುತ್ತದೆ. ಸ್ವಲ್ಪ ಹೊತ್ತಿಗೆ ಕೂದಲೆಳೆಯಷ್ಟು ಬಿರುಕು ಗುಳಿಯಿಂದ ಗುಳಿಗೆ ಸೇರಿಕೊಳ್ಳುತ್ತದೆ. ಹಾರೆ ಹಾಕಿ ಮೀಟಿದರೆ ದಿಮ್ಮಿ ಎರಡು ಹೋಳು. ಹಂಪಿಯ ಬಂಡೆಗಳ ಅಂಚಿನಲ್ಲಿ ಸಾಲಾಗಿ ಕಾಣುವ ಆಯತಾಕಾರದ ಗುಳಿಗಳು ಇದೇ ಕೆಲಸದ ಗುರುತು. ಈ ವಿದ್ಯೆಯನ್ನು ನಮ್ಮಲ್ಲಿ ತಲೆತಲಾಂತರದಿಂದ ಉಳಿಸಿಕೊಂಡು ಬಂದವರಲ್ಲಿ ಭೋವಿ ಸಮುದಾಯದವರು ಮುಖ್ಯರು. ಅವರ ಕೈಯಲ್ಲಿ ಎದ್ದ ಕಟ್ಟಡ, ಕೆರೆಯ ತೂಬು, ರಸ್ತೆಗಳ ಲೆಕ್ಕವೇ ಇಲ್ಲ. ಹೆಸರು ಮಾತ್ರ ಎಲ್ಲೂ ಕೆತ್ತಿಲ್ಲ.

ಅಳತೆ

6 ಅಡಿ ಉದ್ದ, ಒಂದೂವರೆ ಅಡಿ ಅಗಲ, 4 ಇಂಚು ದಪ್ಪದ ಗ್ರಾನೈಟ್ ಚಪ್ಪಡಿ ಸುಮಾರು 230 ಕಿಲೋ ತೂಗುತ್ತದೆ. ಮೂರು ಜನ ಆರಾಮವಾಗಿ ಕೂರುವ ಹಾಸು ಇದು. ಕೂರುವವರ ಭಾರ ಹೊರಲು ಲೆಕ್ಕಕ್ಕೆ 2 ಇಂಚು ದಪ್ಪವೇ ಸಾಕು. ಆದರೂ ತಿಳಿದವರು 4 ಇಂಚು ಕೇಳುವುದಕ್ಕೆ ಕಾರಣವಿದೆ. ಕಲ್ಲು ಒತ್ತಡಕ್ಕೆ ಅಸಾಧ್ಯ ಬಲಶಾಲಿ, ಎಳೆತಕ್ಕೆ ಬಲಹೀನ. ಎರಡು ಕಾಲುಗಳ ಮೇಲೆ ಹೇರಿದ ಚಪ್ಪಡಿಯ ಮೇಲೆ ಹುಡುಗರು ಧುಮುಕಿದಾಗ ಅದರ ಕೆಳಮೈ ಹಿಗ್ಗಲು ನೋಡುತ್ತದೆ, ಕಣ್ಣಿಗೆ ಕಾಣದ ಸಣ್ಣ ಬಿರುಕೊಂದು ಅಲ್ಲಿದ್ದರೆ ಅಲ್ಲಿಂದಲೇ ತುಂಡು. ದಪ್ಪ ಎರಡರಷ್ಟಾದರೆ ಈ ತಾಳಿಕೆ ನಾಲ್ಕರಷ್ಟಾಗುತ್ತದೆ. ಭಾರ ಹೆಚ್ಚಿದ್ದಷ್ಟೂ ಯಾರೂ ಹೊತ್ತೊಯ್ಯಲಾರರು, ಉರುಳಿಸಲಾರರು ಎಂಬುದೂ ಉಂಟು.

ಕಾಲುಗಳನ್ನು ತೀರ ಕೊನೆಯಲ್ಲಿ ನಿಲ್ಲಿಸಬಾರದು. ಉದ್ದದ ಐದನೇ ಒಂದು ಭಾಗ ಒಳಕ್ಕೆ, ಅಂದರೆ 6 ಅಡಿಗೆ ಎರಡೂ ಕಡೆಯಿಂದ ಸುಮಾರು 15 ಇಂಚು ಬಿಟ್ಟು ನಿಲ್ಲಿಸಿದರೆ ನಡುವಿನ ಬಾಗುವಿಕೆಯೂ ಕೊನೆಗಳ ಬಾಗುವಿಕೆಯೂ ಸರಿದೂಗುತ್ತವೆ. ತುದಿಯಲ್ಲಿ ಒಬ್ಬರೇ ಕೂತರೂ ಹಾಸಿನ ತೂಕವೇ ಅದನ್ನು ಹಿಡಿದಿಡುತ್ತದೆ.

ಕೂರುವ ಎತ್ತರ ನೆಲದಿಂದ 17ರಿಂದ 18 ಇಂಚು. ಹಳೆಯ ಕಟ್ಟೆಗಳು ಎರಡು, ಎರಡೂವರೆ ಅಡಿ ಇರುತ್ತವೆ. ಕಾಲು ಇಳಿಬಿಟ್ಟು ಕೂರಲು ಹುಡುಗರಿಗೆ ಸೊಗಸು, ಮಂಡಿನೋವಿನ ಅಜ್ಜಿಗೆ ಹತ್ತುವುದೇ ಕಷ್ಟ. ಶಾಲೆಯ ಅಂಗಳಕ್ಕಾದರೆ 12 ಇಂಚಿನ ಒಂದು ಗಿಡ್ಡ ಬೆಂಚೂ ಇರಲಿ. ಎತ್ತರಕ್ಕಿಂತ ಹೆಚ್ಚು ಮರೆಯುವ ಸಂಗತಿ ಹಾಸಿನ ಕೆಳಗಿನ ಖಾಲಿ ಜಾಗ. ನೀವೇ ಕುರ್ಚಿಯಿಂದ ಎದ್ದು ನೋಡಿ: ಏಳುವ ಮುಂಚೆ ಪಾದಗಳು ತಾವಾಗಿ ಹಿಂದಕ್ಕೆ ಸರಿಯುತ್ತವೆ. ನೆಲದವರೆಗೂ ಗೋಡೆಯಂತೆ ಮುಚ್ಚಿದ ಬೆಂಚಿನಲ್ಲಿ ಪಾದ ಹಿಂದೆ ಹೋಗದು, ವಯಸ್ಸಾದವರು ಪಕ್ಕದವರ ಕೈ ಹಿಡಿಯಬೇಕಾಗುತ್ತದೆ. ಇಡೀ ದಿಮ್ಮಿಯಿಂದ ಬೆಂಚು ಮಾಡುವ ಶಿಲ್ಪಿಗಳು ಮುಂಭಾಗದ ಕೆಳಗೆ ಕನಿಷ್ಠ 4 ಇಂಚು ಒಳಕ್ಕೆ ಕೆತ್ತಲೇಬೇಕು. ಒಂದು ಕೊನೆಯಲ್ಲಿ ಊರಿಕೊಂಡು ಏಳಲು ಕೈಯಾಸರೆ ಕೊಡುವುದೂ ಒಳ್ಳೆಯದೇ. ಆದರೆ ಬೆಂಚಿನ ನಡುವೆ ಕಬ್ಬಿಣದ ಅಡ್ಡಪಟ್ಟಿ ಹಾಕಿ ಯಾರೂ ಮಲಗದಂತೆ ಮಾಡುವುದು ಈಗ ನಗರಗಳಲ್ಲಿ ಹೆಚ್ಚುತ್ತಿದೆ, ಅದು ನನಗೆ ಸರಿಬರುವುದಿಲ್ಲ. ಬೆಳಗಿನಿಂದ ಗಾರೆ ಹೊತ್ತ ಕೂಲಿಯವರು ಊಟದ ನಂತರ ಅರ್ಧ ಗಂಟೆ ಅಡ್ಡಾಗುವುದಕ್ಕೂ ಸಾರ್ವಜನಿಕ ಬೆಂಚು ಇರುವುದು.

ಮುಂದಿನ ಅಂಚು ತೊಡೆಯ ಹಿಂಭಾಗಕ್ಕೆ ಒತ್ತುವುದರಿಂದ ಅದನ್ನು ಗುಂಡಗೆ ತಿರುವಬೇಕು. ಮೇಲ್ಮೈಯನ್ನು ಕನ್ನಡಿಯಂತೆ ಪಾಲಿಶ್ ಮಾಡಿಸುವ ಆಸೆ ಬೇಡ. ಒದ್ದೆಯಾದಾಗ ಜಾರುತ್ತದೆ, ಬಿಸಿಲಿಗೆ ಕಣ್ಣು ಕುಕ್ಕುತ್ತದೆ. ಸಣ್ಣ ಉಳಿಯಲ್ಲಿ ಒಂದೇ ಸಮ ಚುಚ್ಚಿ ನವುರು ಮಾಡಿದ ಮೈ ಬಟ್ಟೆ ಹರಿಯುವುದಿಲ್ಲ, ಜಾರುವುದೂ ಇಲ್ಲ. ಕಪ್ಪು ಗ್ರಾನೈಟ್ ನೋಡಲು ಚೆಂದ, ಆದರೆ ಬಿಸಿಲು ಬೀಳುವ ಕಡೆ ಮಧ್ಯಾಹ್ನ ಅದರ ಮೇಲೆ ಕೈಯಿಡಲೂ ಆಗದು. ಅಲ್ಲಿಗೆ ಬೂದುಗಲ್ಲೇ ಸರಿ. ಕೂರುವ ಚಪ್ಪಡಿಗೆ ಹಿಂದಕ್ಕೆ ತುಸು ಇಳಿಜಾರು ಬೇಕು, 18 ಇಂಚು ಅಗಲಕ್ಕೆ ಕಾಲಿಂಚಿಗಿಂತ ಸ್ವಲ್ಪ ಹೆಚ್ಚು ಸಾಕು. ಕೂತವರಿಗೆ ಅದು ಗೊತ್ತೇ ಆಗದು, ಮಳೆನೀರಿಗೆ ಗೊತ್ತಾಗುತ್ತದೆ. ಒರಗು ಇದ್ದರೆ ಅದಕ್ಕೂ ಹಾಸಿಗೂ ನಡುವೆ ನೀರು ಇಳಿಯಲು ಸಂದು ಬಿಡಬೇಕು. ಹಾಸಿನ ಕೆಳಮೈಯಲ್ಲಿ ಅಂಚಿಗೆ ಒಂದಿಂಚು ಒಳಗೆ ಬೆರಳು ಹಿಡಿಯುವಷ್ಟು ಗೀರು ಹೊಡೆದರೆ ನೀರು ಅಲ್ಲೇ ತೊಟ್ಟಿಕ್ಕುತ್ತದೆ, ಕಾಲಿನವರೆಗೆ ಹರಿದು ಪಾಚಿ ಕಟ್ಟುವುದಿಲ್ಲ. ಹಳೆಯ ಗುಡಿಗಳ ಸೂರುಗಲ್ಲಿನ ಕೆಳಗೆ ಈ ಗೀರನ್ನು ಹುಡುಕಿ ನೋಡಿ.

ನೆಲದೊಳಗೆ

ಕೆಂಪುಮಣ್ಣಿನ ಸೀಮೆಯಲ್ಲಿ ಒಂದೂವರೆ ಅಡಿ ಅಗೆದು, ಜಲ್ಲಿ ಬಡಿದು ಕೂರಿಸಿ ಕಾಲುಗಲ್ಲು ನಿಲ್ಲಿಸಿದರೆ ಸಾಕು. ವಿಜಯಪುರ, ಗದಗ, ಧಾರವಾಡದ ಎರೆಮಣ್ಣು ಬೇರೆಯೇ ಕಥೆ. ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಕೈ ತೂರುವಷ್ಟು ಬಿರಿಯುತ್ತದೆ. ಅದರ ಮೇಲೆ ನೇರ ನಿಲ್ಲಿಸಿದ ಬೆಂಚಿನ ಒಂದು ಕಾಲು ಏರಿ ಇನ್ನೊಂದು ಇಳಿಯುವುದು ಖಚಿತ. ಅಲ್ಲಿ ಎರೆಯನ್ನು ಆಳಕ್ಕೆ ತೆಗೆದುಹಾಕಿ, ಮೊರಂ ಎಂಬ ಗರಸು ಮಣ್ಣು ತುಂಬಿ, ಪದರಪದರವಾಗಿ ನೀರು ಹಾಕಿ ಗುದ್ದಬೇಕು. ಖರ್ಚು ಬೆಂಚಿಗಿಂತ ಬುನಾದಿಗೇ ಹೆಚ್ಚಾಗಬಹುದು, ಆದರೂ ಬಿಡುವಂತಿಲ್ಲ.

ಹಾಸನ್ನು ಕಾಲಿಗೆ ಹಿಡಿಸಲು ಕಲ್ಲಿನಲ್ಲೇ ಗೂಟ ಮತ್ತು ಗುಳಿ ಕೆತ್ತಿ ಕೂರಿಸುವುದು ಹಳೆಯ ಕ್ರಮ, ಈಗಲೂ ಅತ್ಯುತ್ತಮ. ಲೋಹದ ಸರಳು ಹಾಕುವುದಾದರೆ ಸ್ಟೇನ್‌ಲೆಸ್ ಸ್ಟೀಲೇ ಆಗಬೇಕು. ಸಾಮಾನ್ಯ ಕಬ್ಬಿಣ ತುಕ್ಕಾದಾಗ ಮೂಲ ಗಾತ್ರದ ಎರಡು ಪಟ್ಟಿಗೂ ಹೆಚ್ಚು ಹಿಗ್ಗುತ್ತದೆ. ಗುಳಿಯೊಳಗೆ ಹಿಗ್ಗಿದ ಕಬ್ಬಿಣ ಕಲ್ಲಿನೊಳಗೆ ಬೆಣೆಯಂತೆ ಕೆಲಸ ಮಾಡಿ ಅದನ್ನು ಸೀಳುತ್ತದೆ. ಸಿಮೆಂಟ್ ಬೆಂಚಿನ ಅಂಚು ಉದುರುವುದೂ ಇದೇ ಕಾರಣಕ್ಕೆ. ಕಂಬಿಯ ಮೇಲೆ ಒಂದಿಂಚಾದರೂ ಕಾಂಕ್ರೀಟ್ ಹೊದಿಕೆ ಇರಬೇಕಾದಲ್ಲಿ ಅಚ್ಚಿನವರು ಅರ್ಧ ಇಂಚೂ ಬಿಟ್ಟಿರುವುದಿಲ್ಲ.

ಶಿಲ್ಪ

ಬೆಂಚಿನ ಪಕ್ಕಕ್ಕೆ ಒಂದು ಶಿಲ್ಪವೂ ಇರಲಿ ಎಂದಾಗ ಮನಸ್ಸಿಗೆ ಮೊದಲು ಬರುವುದು ಗುಡಿಯ ವಿಗ್ರಹ ಅಥವಾ ನಾಯಕರ ಪ್ರತಿಮೆ. ಇವೆರಡೂ ಸಾರ್ವಜನಿಕ ಜಾಗಕ್ಕೆ ಒಳ್ಳೆಯ ಮಾದರಿಯಲ್ಲ. ಗುಡಿಯ ವಿಗ್ರಹಕ್ಕೆ ಸೂರಿದೆ, ಬಾಗಿಲಿದೆ, ಮುಟ್ಟುವವರು ಒಬ್ಬಿಬ್ಬರೇ. ಪ್ರತಿಮೆಯ ವಿಷಯಕ್ಕೆ ಬಂದರೆ, ರಸ್ತೆ, ಪಾದಚಾರಿ ಮಾರ್ಗ ಮತ್ತಿತರ ಸಾರ್ವಜನಿಕ ಬಳಕೆಯ ಜಾಗಗಳಲ್ಲಿ ಪ್ರತಿಮೆ ಸ್ಥಾಪಿಸಲು ಅನುಮತಿ ಕೊಡಬಾರದೆಂದು ಸುಪ್ರೀಂ ಕೋರ್ಟ್ 2013ರ ಜನವರಿಯಲ್ಲಿ ರಾಜ್ಯಗಳಿಗೆ ನಿರ್ದೇಶನ ಕೊಟ್ಟಿದೆ. ಪಾರ್ಕು, ಆಟದ ಮೈದಾನಗಳಿಗೆ ಕರ್ನಾಟಕದಲ್ಲಿ 1985ರ ಪ್ರತ್ಯೇಕ ಕಾಯ್ದೆಯೇ ಇದೆ. ಆದ್ದರಿಂದ ಕಲ್ಲಿಗೆ ಮುಂಗಡ ಕೊಡುವ ಮೊದಲು ಆ ನೆಲ ಯಾರದು ಎಂದು ತಿಳಿದು, ಗ್ರಾಮ ಪಂಚಾಯಿತಿಯಲ್ಲೋ ನಗರಸಭೆಯಲ್ಲೋ ಠರಾವು ಮಾಡಿಸಿ, ಲಿಖಿತ ಅನುಮತಿ ಪಡೆಯಬೇಕು.

ನಮ್ಮದೇ ಆದ ಸಾರ್ವಜನಿಕ ಶಿಲ್ಪ ಎಂದರೆ ವೀರಗಲ್ಲು. ಸಾವಿರ ವರ್ಷಗಳಿಂದ ಕೆರೆ ಏರಿಯಲ್ಲಿ, ಊರಬಾಗಿಲಲ್ಲಿ, ಹೊಲದ ಬದುವಿನಲ್ಲಿ ಬಿಸಿಲು ಮಳೆಗೆ ನಿಂತೂ ಎಷ್ಟೋ ವೀರಗಲ್ಲುಗಳ ಕೆತ್ತನೆ ಇಂದಿಗೂ ಓದುವಂತಿದೆ. ಹೇಗೆ? ಅದು ದಪ್ಪ ಹಲಗೆಯಂಥ ಒಂದೇ ಕಲ್ಲು. ಬುಡ ನೆಲದಲ್ಲಿ ಹೂತಿರುತ್ತದೆ, ಬೇರೆ ಪೀಠ ಬೇಕಿಲ್ಲ. ಚಿತ್ರವೆಲ್ಲ ಉಬ್ಬುಕೆತ್ತನೆ, ಎಲ್ಲೂ ಬಿಡಿಯಾಗಿ ಚಾಚಿದ ಕೈ ಇಲ್ಲ, ಮುರಿಯುವ ಕತ್ತಿ ಇಲ್ಲ. ಮಂಡ್ಯ ಜಿಲ್ಲೆಯ ಆತಕೂರಿನಲ್ಲಿ ಸಿಕ್ಕ ಶಾಸನಗಲ್ಲು ಈಗ ಬೆಂಗಳೂರಿನ ಕಸ್ತೂರ್ಬಾ ರಸ್ತೆಯ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಸುಮಾರು 950ರ ಹೊತ್ತಿನದು. ಕಾಳಿ ಎಂಬ ನಾಯಿ ಕಾಡುಹಂದಿಯೊಡನೆ ಹೋರಾಡಿ ಸತ್ತದ್ದರ ನೆನಪಿಗೆ ನಿಂತ ಕಲ್ಲು. ಸುತ್ತ ಅಕ್ಷರ, ನಡುವೆ ನಾಯಿ, ಹಂದಿ. ಒಂದು ನಾಯಿಗೂ ಕಲ್ಲು ನಿಲ್ಲಿಸಿದ್ದರು ಎಂಬುದನ್ನು ತಿಳಿದರೆ, ಏನನ್ನು ಕೆತ್ತಿಸಬೇಕು ಎಂಬ ಪ್ರಶ್ನೆಗೆ ದಾರಿ ಸಿಗುತ್ತದೆ. ಊರಿನ ಕೆರೆ, ಅದಕ್ಕೆ ಬರುವ ಹಕ್ಕಿ, ಮಗ್ಗ, ಕುರಿಹಿಂಡು, ಬತ್ತಿಹೋದ ಹಳ್ಳ, ಊರಿಗೆಲ್ಲ ಹೆರಿಗೆ ಮಾಡಿಸುತ್ತಿದ್ದ ಸೂಲಗಿತ್ತಿಯ ಕೈ: ಕೂತು ಕೇಳಿದರೆ ಜನ ಹೇಳುತ್ತಾರೆ.

ಯಾವ ಕಲ್ಲಿಗೆ ಯಾವ ರೂಪ ಎಂಬುದು ಮುಂದಿನ ಪ್ರಶ್ನೆ. ಬೇಲೂರಿನ ಬಳಪದ ಕಲ್ಲು ಗಣಿಯಿಂದ ತೆಗೆದಾಗ ಮೆದು, ಕಸೂತಿಯಷ್ಟು ಸಣ್ಣ ಕೆತ್ತನೆ ಹಿಡಿಯುತ್ತದೆ. ಆದರೆ ಅಲ್ಲಿನ ಮದನಿಕೆಯರು ನಿಂತಿರುವುದು ಸೂರಿನ ಕೆಳಗೆ, ಕೈಗೆಟುಕದ ಎತ್ತರದಲ್ಲಿ. ಅದೇ ಕಲ್ಲನ್ನು ಪಾರ್ಕಿನಲ್ಲಿ ಮಕ್ಕಳ ಕೈಯೆತ್ತರಕ್ಕೆ ಇಟ್ಟರೆ ಉಗುರು, ಕೀಲಿಕೈ, ಮೊಳೆ ಗೀರಿದ ಗುರುತುಗಳು ಬೇಗನೆ ತುಂಬಿಕೊಳ್ಳುತ್ತವೆ. ಗ್ರಾನೈಟ್ ಹಾಗಲ್ಲ. ಅದರಲ್ಲಿ ಬೆಣಚುಕಲ್ಲಿನ ಹರಳುಗಳಿವೆ. ಉಳಿ ಅದನ್ನು ಕೊಯ್ಯುವುದಿಲ್ಲ, ಜಜ್ಜಿ ಪುಡಿಮಾಡುತ್ತದೆ. ಹೀಗಾಗಿ ತೆಳುವಾದದ್ದು ಯಾವುದೂ ನಿಲ್ಲದು, ರೂಪ ದಪ್ಪವಾಗಿ, ಮುದುಡಿಕೊಂಡೇ ಇರಬೇಕು. ಚಾಮುಂಡಿ ಬೆಟ್ಟದ ನಂದಿಯನ್ನು ನೋಡಿ. 17ನೇ ಶತಮಾನದಲ್ಲಿ ದೊಡ್ಡ ದೇವರಾಜ ಒಡೆಯರ ಕಾಲಕ್ಕೆ ಒಂದೇ ಬಂಡೆಯಲ್ಲಿ ಕಡೆದದ್ದು. ಕಾಲು ಮಡಚಿದೆ, ಕೊರಳಿನ ಗಂಟೆಸರ ಮೈಗೆ ಅಂಟಿದೆ, ಗಾಳಿಗೆ ಚಾಚಿದ ಭಾಗವೇ ಇಲ್ಲವೆನ್ನಬಹುದು. ಗ್ರಾನೈಟಿನ ಸ್ವಭಾವ ಬಲ್ಲವರು ಮಲಗಿದ ಎತ್ತನ್ನು ಆರಿಸಿಕೊಂಡದ್ದರಲ್ಲಿ ದೊಡ್ಡ ಜಾಣ್ಮೆಯಿದೆ.

ಕೆಲಸ ಶುರುವಾಗುವುದು ಮಣ್ಣಿನ ಮಾದರಿಯಿಂದ. ಒಂದಡಿ ಎತ್ತರದ ಜೇಡಿಮಣ್ಣಿನ ಮಾದರಿ ಮಾಡಿ ಅದನ್ನು ಶಾಲೆಯಲ್ಲೋ ಪಂಚಾಯಿತಿ ಕಟ್ಟಡದಲ್ಲೋ ಕೆಲವು ದಿನ ಇಟ್ಟರೆ ಜನ ಬಂದು ಮುಟ್ಟಿ, ತಿರುಗಿಸಿ ನೋಡುತ್ತಾರೆ. ತಿದ್ದುವುದಿದ್ದರೆ ಆಗಲೇ ತಿದ್ದಬೇಕು. ಇಲ್ಲಿ ಒಂದು ಲೆಕ್ಕ ಹಲವರಿಗೆ ಆಶ್ಚರ್ಯ ತರುತ್ತದೆ: ಒಂದಡಿ ಮಾದರಿಯನ್ನು 4 ಅಡಿಗೆ ಹಿಗ್ಗಿಸಿದರೆ ಎತ್ತರ ನಾಲ್ಕು ಪಟ್ಟು, ಆದರೆ ತೂಕ 64 ಪಟ್ಟು. ಉದ್ದ, ಅಗಲ, ದಪ್ಪ ಮೂರೂ ನಾಲ್ಕರಷ್ಟಾಗುತ್ತವಲ್ಲ. ಒಂದಡಿಯ ಕಲ್ಲುರೂಪ 10 ಕಿಲೋ ಇದ್ದರೆ ದೊಡ್ಡದು 640 ಕಿಲೋ. ಕ್ರೇನ್ ಬರುವಷ್ಟು ದಾರಿ ಇದೆಯೇ, ಮೇಲೆ ವಿದ್ಯುತ್ ತಂತಿ ಹಾದಿದೆಯೇ ಎಂದು ಈಗಲೇ ನೋಡಬೇಕು.

ಆಮೇಲೆ ದಿಮ್ಮಿಯ ನಾಲ್ಕೂ ಮುಖಗಳಿಗೆ ಕಾವಿಯಲ್ಲಿ ಚೌಕುಳಿ ಗೆರೆ ಹಾಕಿ, ಮಾದರಿಯ ಚೌಕಗಳನ್ನು ಅಲ್ಲಿಗೆ ಇಳಿಸುತ್ತಾರೆ. ಬೇಡದ ದೊಡ್ಡ ಭಾಗಗಳನ್ನು ಬೆಣೆ ಹಾಕಿಯೋ ಯಂತ್ರದ ಗರಗಸದಲ್ಲೋ ತೆಗೆದು, ಮೊನೆಯುಳಿಯಲ್ಲಿ ರೂಪ ಹೊರಡಿಸಿ, ಚಪ್ಪಟೆ ಉಳಿಯಲ್ಲಿ ಮೈ ತರುತ್ತಾರೆ. ಅತಿ ಉಬ್ಬಿದ ಭಾಗವನ್ನು ಮೊದಲು ಗುರುತಿಸಿ ಒಳಕ್ಕೆ ಒಳಕ್ಕೆ ಹೋಗಬೇಕು. ತೆಗೆದ ಕಲ್ಲನ್ನು ಮರಳಿ ಸೇರಿಸಲಾಗದು. ಸಾರ್ವಜನಿಕ ಶಿಲ್ಪಕ್ಕೆ ಮೈ ತರುವಾಗ ನನಗೆ ಇಷ್ಟವಾಗುವ ಒಂದು ಕ್ರಮವಿದೆ. ಕೈ ತಾನಾಗಿ ಹೋಗುವ ಜಾಗಗಳನ್ನು, ಅಂದರೆ ಆಮೆಯ ಬೆನ್ನು, ಹಕ್ಕಿಯ ನೆತ್ತಿಯನ್ನು ನುಣುಪಾಗಿ ತಿಕ್ಕಿ, ಉಳಿದದ್ದನ್ನು ಉಳಿಯ ಗುರುತಿನ ಸಮೇತ ಒರಟಾಗಿ ಬಿಡುವುದು. ಜನ ಮುಟ್ಟಿ ಮುಟ್ಟಿ ಆ ನುಣುಪು ಕಪ್ಪಗೆ ಮಿಂಚುತ್ತದೆ. ಕಣ್ಣು ಕಾಣದವರಿಗೂ ಶಿಲ್ಪ ಓದಲು ಸಿಗುತ್ತದೆ.

ಮಕ್ಕಳು ಹತ್ತಿಯೇ ಹತ್ತುತ್ತಾರೆ. ಹತ್ತಬೇಡಿ ಎಂಬ ಬೋರ್ಡು ಹಾಕಿ ಫಲವಿಲ್ಲ, ಹತ್ತುವಂತೆಯೇ ಮಾಡಬೇಕು. ಬುಡ ಅಗಲ, ಭಾರ ಕೆಳಗೆ, ಚೂಪು ಮೊನೆ ಎಲ್ಲೂ ಇರಬಾರದು. ತೂತು, ಸಂದುಗಳಿದ್ದರೆ ಮೂರೂವರೆ ಇಂಚಿಗಿಂತ ಕಿರಿದಾಗಿರಲಿ ಇಲ್ಲವೇ 9 ಇಂಚಿಗಿಂತ ದೊಡ್ಡದಾಗಿರಲಿ. ನಡುವಿನ ಅಳತೆಯ ಸಂದಿನಲ್ಲಿ ಮಗುವಿನ ಮೈ ತೂರಿ ತಲೆ ಸಿಕ್ಕಿಕೊಳ್ಳುತ್ತದೆ. ಮಕ್ಕಳ ಆಟದ ಸಾಮಾನಿಗೂ ಇದೇ ನಿಯಮ.

ಕೆತ್ತುವ ಕೈಗಳಿಗೆ ದೂರ ಹೋಗಬೇಕಿಲ್ಲ. ಕೋಲಾರ ಜಿಲ್ಲೆ ಮಾಲೂರು ತಾಲ್ಲೂಕಿನ ಶಿವಾರಪಟ್ಟಣದಲ್ಲಿ ಮನೆಮನೆಯ ಮುಂದೆ ಉಳಿ ಸದ್ದು ಕೇಳುತ್ತದೆ. ಕಾರ್ಕಳದಲ್ಲಿ ಶಿಲ್ಪಕಲೆ ಕಲಿಸುವ ಸಿ.ಇ. ಕಾಮತ್ ಕುಶಲಕರ್ಮಿ ತರಬೇತಿ ಸಂಸ್ಥೆಯಿದೆ. ಅಲ್ಲಿನವರಿಗೆ ಬರುವ ಬೇಡಿಕೆ ಹೆಚ್ಚಾಗಿ ದೇವರ ವಿಗ್ರಹದ್ದು. ಅಂಥವರಲ್ಲಿ ಬೆಂಚು ಕೇಳಿಕೊಂಡು ಹೋಗುವಾಗ ಅಳತೆಗಳನ್ನೂ ಮಾದರಿಯನ್ನೂ ಜೊತೆಗೆ ಒಯ್ಯಬೇಕು.

ಒಡೆದ ಟೈಲು, ತಂತಿಬಲೆ

ಕಲ್ಲಿಗೆ ಹಣವಿಲ್ಲದ ಕಡೆ, ಅಥವಾ ಊರವರೆಲ್ಲ ಸ್ವತಃ ಕೈಹಾಕಬೇಕು ಎಂಬ ಆಸೆ ಇರುವ ಕಡೆ, ಒಡೆದ ಟೈಲಿನ ಕೆಲಸ ಒಳ್ಳೆಯದು. ಬಾರ್ಸಿಲೋನಾದ ಪಾರ್ಕ್ ಗ್ವೆಲ್‌ನಲ್ಲಿ ಹಾವಿನಂತೆ ಬಳುಕುವ ಉದ್ದನೆಯ ಬೆಂಚನ್ನು ಆಂಟೋನಿ ಗೌಡಿ ಮತ್ತು ಅವರ ಸಹವರ್ತಿ ಜುಜೊಲ್ ನೂರು ವರ್ಷಗಳ ಹಿಂದೆಯೇ ಒಡೆದ ಪಿಂಗಾಣಿ ಚೂರುಗಳಿಂದ ಮುಚ್ಚಿದರು. ಬಾಗಿದ ಮೈಗೆ ಇಡೀ ಟೈಲು ಕೂರದು, ಚೂರು ಕೂರುತ್ತದೆ. ನಮ್ಮ ದೇಶದ ಚಂಡೀಗಢದಲ್ಲಿ ಲೋಕೋಪಯೋಗಿ ಇಲಾಖೆಯ ರಸ್ತೆ ಇನ್ಸ್‌ಪೆಕ್ಟರ್ ಆಗಿದ್ದ ನೇಕ್ ಚಂದ್, ಕೆಲಸ ಮುಗಿಸಿ ಬಂದು ಯಾರಿಗೂ ತಿಳಿಯದಂತೆ ವರ್ಷಗಟ್ಟಲೆ ಒಡೆದ ಬಳೆ, ಪಿಂಗಾಣಿ, ಕಟ್ಟಡದ ಕಸದಿಂದ ಗೊಂಬೆಗಳ ಲೋಕವನ್ನೇ ಕಟ್ಟಿದರು. 1976ರಲ್ಲಿ ರಾಕ್ ಗಾರ್ಡನ್ ಎಂದು ಅದು ಸಾರ್ವಜನಿಕರಿಗೆ ತೆರೆಯಿತು.

ಕ್ರಮ ಸರಳ. ಸರಳುಗಳ ಹಂದರಕ್ಕೆ ಕೋಳಿಬಲೆ ಎರಡು ಮೂರು ಸುತ್ತು ಬಿಗಿದು ಕಟ್ಟಿ, ಒಂದು ಪಾಲು ಸಿಮೆಂಟಿಗೆ ಎರಡರಿಂದ ಮೂರು ಪಾಲು ಮರಳಿನ ಗಾರೆಯನ್ನು ನೀರು ಕಮ್ಮಿ ಹಾಕಿ ಒತ್ತಿ ತುಂಬಬೇಕು. ಬಲೆ ಎಲ್ಲೂ ಹೊರಗೆ ಕಾಣಬಾರದು. ಗೋಣಿಚೀಲ ಹೊದಿಸಿ ಒಂದು ವಾರವಾದರೂ, ಸಾಧ್ಯವಾದರೆ ಎರಡು ವಾರ, ಒದ್ದೆಯಾಗಿಡಬೇಕು. ಕ್ಯೂರಿಂಗ್ ತಪ್ಪಿಸಿದ ಕೆಲಸ ಬಿರುಕು ಬಿಡದೆ ಉಳಿಯದು. ಟೈಲಿನ ಪ್ರತಿ ಚೂರಿನ ಅಂಚನ್ನೂ ಸಾಣೆಗೆ ಕೊಟ್ಟು ಮೊಂಡು ಮಾಡಿ, ಸಂದುಗಳನ್ನು ಮಟ್ಟಕ್ಕೆ ತುಂಬಬೇಕು. ಕೂರುವ ಮೇಲ್ಮೈಗೆ ಹೊಳಪಿನ ಟೈಲು ಬೇಡ, ಒರಗಿಗೂ ಬದಿಗಳಿಗೂ ಇರಲಿ.

ದೂಳು, ಕೂಲಿ, ಮಳೆ

ಕಲ್ಲು ಕೆತ್ತುವಾಗ ಏಳುವ ದೂಳಿನಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ಸಿಲಿಕಾ ಕಣಗಳಿರುತ್ತವೆ. ಶ್ವಾಸಕೋಶದೊಳಗೆ ಕೂತು ಗಾಯ ಮಾಡುತ್ತವೆ, ಸಿಲಿಕೋಸಿಸ್ ಎಂಬ ಆ ಕಾಯಿಲೆಯನ್ನು ವಾಸಿಮಾಡುವ ಔಷಧಿಯಿಲ್ಲ. ಆಂಗಲ್ ಗ್ರೈಂಡರ್ ಬಂದ ಮೇಲೆ ಕೆಲಸ ವೇಗವಾಯಿತು, ದೂಳೂ ಹಲವು ಪಟ್ಟು ಹೆಚ್ಚಿತು. ಮೂಗಿಗೆ ಟವೆಲ್ ಸುತ್ತಿದರೆ ಈ ಕಣಗಳನ್ನು ತಡೆಯದು. ನೀರು ಹರಿಸುತ್ತಾ ಕೊಯ್ಯುವುದು, ಎನ್-95 ಅಥವಾ ಅದಕ್ಕಿಂತ ಮೇಲಿನ ಮಾಸ್ಕ್, ಗಾಳಿಯಾಡುವ ತೆರೆದ ಜಾಗ ಇಷ್ಟಾದರೂ ಬೇಕು. ಇದರ ಖರ್ಚನ್ನು ಶಿಲ್ಪಿಯ ತಲೆಗೆ ಕಟ್ಟದೆ ಮಾಡಿಸುವವರೇ ಅಂದಾಜುಪಟ್ಟಿಯಲ್ಲಿ ಬರೆಯಬೇಕು. ದಾನಿಗಳ ಹೆಸರು ಕೆತ್ತಿಸುವುದಿದ್ದರೆ ಹಾಸಿನ ಮುಂಬದಿಯ ದಪ್ಪದ ಮೇಲೆ, ಆಳವಾಗಿ ಕೆತ್ತಿಸಿ. ಕೆತ್ತಿದವರ ಹೆಸರೂ ಅದರ ಪಕ್ಕದಲ್ಲಿರಲಿ.

ಎನಾಮಲ್ ಬಣ್ಣ ಬಳಿಯಬಾರದು. ಕಲ್ಲಿನೊಳಗಿನ ತೇವ ಹೊರಬರಲಾಗದೆ ಬಣ್ಣ ಸಿಪ್ಪೆಯೇಳುತ್ತದೆ, ಆಮೇಲೆ ಪ್ರತಿ ವರ್ಷ ಕೆರೆದು ಬಳಿಯುವುದೇ ಕೆಲಸ. ಪಾಚಿ ಕಟ್ಟಿದರೆ ನೀರು, ತೆಂಗಿನ ನಾರಿನ ಬ್ರಷ್ಷು ಸಾಕು. ಸಂದಿನಲ್ಲಿ ಅರಳಿ ಸಸಿ ಹುಟ್ಟಿದರೆ ಎರಡೆಲೆ ಇರುವಾಗಲೇ ಕೀಳಬೇಕು.

ಬೆಂಚು ಕೂರಿಸಿದ ದಿನ ಮಟ್ಟಗೋಲು ಇಟ್ಟು ನೋಡಿದ್ದು ನಿಜವಾದ ಪರೀಕ್ಷೆಯಲ್ಲ. ನೆಲ ಕೂರುವುದು, ನೀರು ತನ್ನ ದಾರಿ ತೋರಿಸುವುದು ಮೊದಲ ಮಳೆಗಾಲದಲ್ಲಿ. ಆದ್ದರಿಂದ ಕರಾರು ಬರೆಯುವಾಗಲೇ ಒಂದು ಸಾಲು ಸೇರಿಸಿ: ಕೆಲಸ ಮುಗಿದ ಕೂಡಲೇ ಕೂಲಿಯ ಪೂರ್ತಿ ಹಣ ಸಲ್ಲಿಸುವುದು, ದಸರಾ ಕಳೆದ ಮೇಲೆ ಅದೇ ಮೇಸ್ತ್ರಿ ಅಥವಾ ಶಿಲ್ಪಿ ಮತ್ತೊಮ್ಮೆ ಬಂದು ಕಾಲುಗಳ ಮಟ್ಟ, ಸಂದಿನ ಗಾರೆ, ಸುತ್ತಲಿನ ನೀರಿನ ಹರಿವು ನೋಡಿ ಸರಿಪಡಿಸುವುದು, ಆ ದಿನದ ಕೂಲಿ ಮತ್ತು ಬಸ್ ಚಾರ್ಜನ್ನು ಊರವರು ಬೇರೆಯಾಗಿ ಕೊಡುವುದು.